ಹಳದಿ ಗೀಟು

"ಬಾಗಿಲನ್ನೇ ಕೊಯ್ಯೋದಾ? ನಿಮಗೇನು ತಲೆಗಿಲೆ ಕೆಟ್ಟಿದೆಯಾ ಅಮ್ಮ?" ಎಂದ ಗುಜರಿಯವನು. "ಕನ್ನಡಿ ತಾನೇ ಬೇಕಾಗಿರೋದು? ಮೂರು ಬೋಲ್ಟ್ ಬಿಚ್ಚಿದ್ರೆ ಕೈಗೆ ಬರುತ್ತೆ. ಎರಡು ನಿಮಿಷದ ಕೆಲಸ."

"ಆ ಬೋಲ್ಟಿಗೆ ಸ್ಪ್ಯಾನರ್ ತಾಗಿಸಿ ನೋಡು, ಆಮೇಲೆ ನಿನ್ನ ಗ್ರಹಚಾರ ಬಿಡಿಸ್ತೀನಿ," ಎಂದಳು ದುರ್ಬೀನಮ್ಮ. "ಕೊಯ್ಯಿ ಅಂದ್ರೆ ಕೊಯ್ಯಿ. ಇಲ್ಲಿಂದ ಇಲ್ಲಿಗೆ. ಸೀಮೆಸುಣ್ಣದಲ್ಲಿ ಗುರುತು ಹಾಕಿಲ್ವಾ?"

ಗುಜರಿಯವನು ಗೊಣಗಿಕೊಂಡೇ ಗರಗಸ ಎತ್ತಿಕೊಂಡ. ಮೂವತ್ತು ವರ್ಷ ವಿಮಾ ಕಂಪನಿಗಾಗಿ ಜಜ್ಜಿಹೋದ ಕಾರುಗಳನ್ನು ಪರೀಕ್ಷಿಸಿ ವರದಿ ಬರೆದ ಹೆಂಗಸು ಇವಳು. ನಿವೃತ್ತಳಾದರೂ ನಾಲಿಗೆ ನಿವೃತ್ತಿಯಾಗಿರಲಿಲ್ಲ. ಜಗಳಕ್ಕೆ ನಿಂತರೆ ಹೊತ್ತು ಮುಳುಗುತ್ತದೆ ಎಂದು ಆ ರಸ್ತೆಯ ಗುಜರಿಯವರಿಗೆಲ್ಲ ಗೊತ್ತಿತ್ತು. ದುರ್ಬೀನು ಹಾಕಿ ಹುಡುಕಿದರೂ ಸಿಗದ ಸುಳ್ಳನ್ನು ಬರಿಗಣ್ಣಲ್ಲಿ ಹಿಡಿಯುತ್ತಾಳೆ ಎಂದು ಆಫೀಸಿನವರು ಅವಳಿಗೆ ಆ ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು.

ಆದರೆ ಇವತ್ತು ಆ ಜಂಬವೆಲ್ಲ ಮಣ್ಣುಪಾಲಾಗಿತ್ತು.

ಮೂರು ವರ್ಷದ ಹಿಂದೆ ಒಂದು ಮಂಜಿನ ಮುಂಜಾನೆ ಸೈಕಲ್ಲಿನ ಮೇಲೆ ಹೋಗುತ್ತಿದ್ದ ಅಂಚೆಯಣ್ಣನನ್ನು ಗುದ್ದಿ ಕೊಂದು, ನಿಲ್ಲಿಸದೆ ಓಡಿದ ಕಾರು ಡ್ರೈವಿಂಗ್ ಮೇಷ್ಟ್ರದು ಎಂದು ಕೋರ್ಟು ತೀರ್ಮಾನಿಸಿದ್ದು ಎರಡೇ ಎರಡು ಆಧಾರದ ಮೇಲೆ: ರಸ್ತೆಯಲ್ಲಿ ಸಿಕ್ಕ, ಕಾರಿನ ಎಡಗನ್ನಡಿಯ ಬೆರಳುದ್ದದ ಕಪ್ಪು ಪ್ಲಾಸ್ಟಿಕ್ ಚೂರು, ಮತ್ತು ಅದನ್ನು ನೋಡಿ ದುರ್ಬೀನಮ್ಮ ಹೇಳಿದ ಸಾಕ್ಷಿ.

ಆ ಚೂರು ಸೇರಿದ್ದ ಜಪಾನಿ ಪುಟ್ಟ ಕಾರಿನ ವಂಶಾವಳಿ ಅವಳಿಗೆ ತನ್ನ ಸೋದರಮಾವಂದಿರ ಮಕ್ಕಳ ಹೆಸರಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಮೊದಲ ತಲೆಮಾರಿನದನ್ನು ಜನ 'ಡಬ್ಬಿ' ಎನ್ನುತ್ತಿದ್ದರು. ಚೌಕಾಕಾರ, ಕೈಯಲ್ಲಿ ಎಳೆಯುವ ಚೋಕು, ಮಿರಮಿರ ಹೊಳೆಯುವ ಲೋಹದ ಕನ್ನಡಿ. ಹಿಂದಿನ ಸೀಟಿಗೆ ಹೋಗಬೇಕೆಂದರೆ ಮುಂದಿನವರು ಇಳಿದು ದಾರಿ ಬಿಡಬೇಕು. ಎರಡನೆಯದು 'ಮೊಟ್ಟೆ'. ಮೂಲೆಗಳೆಲ್ಲ ನುಣುಪಾದವು, ಹಿಂದಿನವರಿಗೂ ಬಾಗಿಲು ಬಂತು, ಪೆಟ್ರೋಲು ಕುಡಿಯುವುದು ಕಮ್ಮಿಯಾಯಿತು, ಕನ್ನಡಿ ಕಪ್ಪು ಪ್ಲಾಸ್ಟಿಕ್ಕಿನದಾಯಿತು. ಡ್ರೈವಿಂಗ್ ಸ್ಕೂಲಿನವರಿಗಂತೂ ಅದು ಮನೆಮಗಳಂಥ ಕಾರು.

ಮೂರನೆಯದು ಮುಂದೆ ಚೂಪು, ಹಿಂದೆ ಎತ್ತರ. ಥೇಟ್ 'ಇಸ್ತ್ರಿಪೆಟ್ಟಿಗೆ'. ಒಳಗೆ ಜಾಗ ಹೆಚ್ಚಿತು, ಪೆಟ್ಟಾದರೆ ಉಬ್ಬುವ ಗಾಳಿಚೀಲ ಬಂತು, ಕನ್ನಡಿಗೂ ಕಾರಿನ ಮೈಬಣ್ಣವೇ ಬಂತು. ಈಗ ಓಡುವ ನಾಲ್ಕನೆಯದು 'ಗೂಬೆ'. ದೊಡ್ಡ ಕಣ್ಣು, ಬ್ಯಾಟರಿಯಲ್ಲೂ ಓಡುತ್ತದೆ, ಸ್ಟಾರ್ಟ್ ಆಗಿದೆಯೋ ಇಲ್ಲವೋ ಎಂದು ಕಿವಿಗೊಟ್ಟು ಕೇಳಬೇಕು.

"ಕನ್ನಡಿ ಕಪ್ಪಾದರೆ ಮೊಟ್ಟೆ, ಮೈಬಣ್ಣದ್ದಾದರೆ ಇಸ್ತ್ರಿಪೆಟ್ಟಿಗೆ. ಇದು ಕಪ್ಪು. ಸಂಶಯವೇ ಇಲ್ಲ." ಕೋರ್ಟಿನ ಕಟಕಟೆಯಲ್ಲಿ ದುರ್ಬೀನಮ್ಮ ತಲೆಯೆತ್ತಿ ಹೇಳಿದ್ದಳು.

ಊರಲ್ಲಿ ಆಗ ಓಡುತ್ತಿದ್ದ ಮೊಟ್ಟೆಗಳು ಹನ್ನೊಂದು. ಹತ್ತರ ಕನ್ನಡಿಗಳು ಹಳೆಯವು, ನೆಟ್ಟಗಿದ್ದವು. ಹನ್ನೊಂದನೆಯದು ಮೇಷ್ಟ್ರ ಸ್ಕೂಲಿನ ಕಾರು. ಅದರ ಎಡಗನ್ನಡಿ ಹೊಚ್ಚಹೊಸದು. "ಹಿಂದಿನ ದಿನ ಕಲಿಯೋ ಹುಡುಗ ಗೇಟಿಗೆ ಉಜ್ಜಿದ ಸ್ವಾಮಿ, ನಮ್ಮಲ್ಲಿ ತಿಂಗಳಿಗೊಂದು ಕನ್ನಡಿ ಒಡೆಯುತ್ತೆ" ಎಂದು ಮೇಷ್ಟ್ರು ಗೋಗರೆದರೂ ಯಾರೂ ನಂಬಲಿಲ್ಲ. ಏಳು ವರ್ಷದ ಶಿಕ್ಷೆಯಾಯಿತು. ಸೋಮವಾರ ಕೊನೆಯ ಮೇಲ್ಮನವಿ. ಅದೂ ಬಿದ್ದರೆ ಉಳಿದ ನಾಲ್ಕು ವರ್ಷವನ್ನು ಅರವತ್ತೆರಡರ ಆ ಮನುಷ್ಯ ಒಳಗೇ ಕಳೆಯಬೇಕು. ಈಚೆಗೆ ಎದೆನೋವು ಬೇರೆ ಶುರುವಾಗಿತ್ತು.

ಈಗ ಗುಜರಿ ಅಂಗಳದಲ್ಲಿ, ನೆರೆಯಲ್ಲಿ ಮುಳುಗಿ ಐದು ವರ್ಷದ ಹಿಂದೆಯೇ ಇಲ್ಲಿಗೆ ಬಂದು ಬಿದ್ದಿದ್ದ ಒಂದು ಇಸ್ತ್ರಿಪೆಟ್ಟಿಗೆ ಅವಳೆದುರು ನಿಂತಿತ್ತು. ಎರಡೂ ಕಡೆ ಕಪ್ಪು ಕನ್ನಡಿ.

ಯಾರೋ ಮೊಟ್ಟೆಯ ಕನ್ನಡಿ ಬಿಚ್ಚಿ ಇದಕ್ಕೆ ಹಾಕಿರಬೇಕು ಎಂದುಕೊಂಡೇ ಅವಳು ಬಾಗಿಲಿನ ಒಳಮೂಲೆಯ ಮುಚ್ಚಳ ಕಿತ್ತಿದ್ದಳು. ಒಳಗೆ ಮೂರು ಬೋಲ್ಟು. ಮೂರರ ಮೇಲೂ ಹಳದಿ ಬಣ್ಣದ ಸಣ್ಣ ಗೀಟು. ಗೀಟು ಬೋಲ್ಟಿನ ತಲೆಯಿಂದ ಶುರುವಾಗಿ ಬಾಗಿಲಿನ ತಗಡಿನ ಮೇಲೆ ಮುಗಿದಿತ್ತು. ಕಾರ್ಖಾನೆಯಲ್ಲಿ ಬಿಗಿದವನು "ಬಿಗಿದಿದ್ದೇನೆ" ಎಂದು ಹಾಕುವ ಗುರುತದು. ಆಮೇಲೆ ಯಾರಾದರೂ ಬೋಲ್ಟನ್ನು ಕೂದಲೆಳೆಯಷ್ಟು ತಿರುಗಿಸಿದರೂ ಗೀಟು ಎರಡು ತುಂಡಾಗುತ್ತದೆ.

ದುರ್ಬೀನಮ್ಮ ಮಸೂರ ಹಿಡಿದು ಒಂದಲ್ಲ, ನಾಲ್ಕು ಸಲ ನೋಡಿದಳು. ಮೂರು ಗೀಟೂ ಅಖಂಡವಾಗಿದ್ದವು. ಈ ಕಪ್ಪು ಕನ್ನಡಿ ಕಾರ್ಖಾನೆಯಿಂದಲೇ ಬಂದದ್ದು. ಅಂದರೆ ಕಪ್ಪು ಕನ್ನಡಿಯ ಇಸ್ತ್ರಿಪೆಟ್ಟಿಗೆಗಳೂ ಇದ್ದವು. ಅಂದರೆ ಅವಳು ಕೋರ್ಟಿನಲ್ಲಿ ಹೇಳಿದ್ದು ತಪ್ಪು.

ಅವಳಿಗೆ ಅಲ್ಲೇ ಕೂತುಬಿಡಬೇಕು ಅನ್ನಿಸಿತು. ಕೂತಳು, ಒಂದು ಹಳೆಯ ಟೈರಿನ ಮೇಲೆ.

"ಮೇಡಂ, ನೀರು ಕುಡೀರಿ," ಎಂದಳು ಪಕ್ಕದಲ್ಲಿದ್ದ ಮೇಷ್ಟ್ರ ಮಗಳು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಅಪ್ಪನನ್ನು ಜೈಲಿಗೆ ಕಳಿಸಿದ ಇದೇ ಹೆಂಗಸಿನ ಮನೆ ಬಾಗಿಲನ್ನು ಎರಡು ತಿಂಗಳ ಹಿಂದೆ ತಟ್ಟಿ, "ಗಂಟು ಹಾಕಿದವರೇ ಬಿಚ್ಚಬೇಕು" ಎಂದಷ್ಟೇ ಹೇಳಿ ಬಂದು ಕೂತಿದ್ದವಳು. ಅವತ್ತಿನಿಂದ ಒಂದು ಸಲವೂ ಬಯ್ದಿರಲಿಲ್ಲ. ಬಯ್ದಿದ್ದರೆ ವಾಸಿಯಿತ್ತು ಎಂದು ದುರ್ಬೀನಮ್ಮನಿಗೆ ಎಷ್ಟೋ ಸಲ ಅನ್ನಿಸಿತ್ತು.

"ನನ್ನಿಂದ ನಿಮ್ಮಪ್ಪ ಒಳಗೆ ಹೋದರಮ್ಮ," ಎಂದಳು ದುರ್ಬೀನಮ್ಮ. "ನನ್ನ ಬಾಯಿಂದ."

"ಅದು ಗೊತ್ತಿರೋದೇ ಮೇಡಂ. ಹೊರಗೆ ಬರೋದು ಹೇಗೆ, ಅದು ಹೇಳಿ."

ಬಾಗಿಲಿನ ಮೂಲೆ ಕನ್ನಡಿ ಸಮೇತ ಕಳಚಿ ಬಂತು. ದುರ್ಬೀನಮ್ಮ ಅದನ್ನು ಹಳೆಯ ಟವೆಲಿನಲ್ಲಿ ಸುತ್ತಿ, ಮಗು ಕೊಟ್ಟ ಹಾಗೆ ಹುಡುಗಿಯ ಕೈಗೆ ಕೊಟ್ಟಳು.

"ನೇರ ವಕೀಲರ ಹತ್ರ ಹೋಗು. ಇವತ್ತು ಶನಿವಾರ, ಐದು ಗಂಟೆಗೆ ಕೋರ್ಟಿನ ಕಚೇರಿ ಮುಚ್ಚುತ್ತೆ. ಅಷ್ಟರೊಳಗೆ ಇದನ್ನ ಹೊಸ ಸಾಕ್ಷ್ಯ ಅಂತ ಸಲ್ಲಿಸಬೇಕು. ಗೀಟಿನ ವಿಷಯ ಅವರಿಗೆ ಸರಿಯಾಗಿ ಹೇಳು. ಜಪಾನಿಗೆ ಕಾಗದ ಬರೆದು ಉತ್ತರ ಬರೋ ಹೊತ್ತಿಗೆ ಮಳೆಗಾಲ ಬಂದಿರುತ್ತೆ. ನಮ್ಮ ಹತ್ರ ಇರೋದು ಈ ಮೂರು ಗೀಟು ಮಾತ್ರ."

"ವಕೀಲರು ಖಂಡಿತ ಮಾಡ್ತಾರೆ ಮೇಡಂ. ಅಪ್ಪನ ಹತ್ರಾನೇ ಡ್ರೈವಿಂಗ್ ಕಲಿತವರು. ಗುರುದಕ್ಷಿಣೆ ಅಂತ ಫೀಸೂ ಬೇಡ ಅಂದ್ರು."

ಹುಡುಗಿ ಟವೆಲಿನ ಗಂಟನ್ನು ಎದೆಗೊತ್ತಿಕೊಂಡು ಬಸ್ಸು ಹತ್ತಿದಳು. ದುರ್ಬೀನಮ್ಮ ಆಟೋ ಹಿಡಿದು ಸ್ಟೋರಣ್ಣನ ಮನೆಯ ಕಡೆ ಹೊರಟಳು.

* * *

ಆ ಕಾರುಗಳ ಶೋರೂಮಿನಲ್ಲಿ ಮೂವತ್ತೆಂಟು ವರ್ಷ ಬಿಡಿಭಾಗಗಳ ಗೋದಾಮು ನೋಡಿಕೊಂಡವನು ಸ್ಟೋರಣ್ಣ. ಎಪ್ಪತ್ತು ದಾಟಿದರೂ ಗೋದಾಮಿನ ಹುಚ್ಚು ಬಿಟ್ಟಿರಲಿಲ್ಲ. ಅಡುಗೆಮನೆಯ ಕಪಾಟಿಗೂ ನಂಬರು ಹಾಕಿ ಚೀಟಿ ಅಂಟಿಸಿದ್ದ. "ಉಪ್ಪು ಎಲ್ಲಿ ಅಂತ ಕೇಳಿದ್ರೆ ಬಿ-ನಾಲ್ಕು ಅಂತಾರೆ ನಿಮ್ಮಣ್ಣ. ಇನ್ನು ನನಗೂ ಒಂದು ಚೀಟಿ ಅಂಟಿಸೋದು ಬಾಕಿ," ಎಂದು ಹೆಂಡತಿ ಬಂದವರೆದುರೆಲ್ಲ ಹೇಳುತ್ತಿದ್ದಳು.

"ಬಾ ತಂಗಿ ಬಾ," ಎಂದ ಸ್ಟೋರಣ್ಣ. "ಇವತ್ತು ಯಾವ ಗಾಡಿಯ ಜಾತಕ ನೋಡ್ಬೇಕು?"

"ಇಸ್ತ್ರಿಪೆಟ್ಟಿಗೆದು. ಮೊದಲನೇ ಲಾಟು."

ಚಹಾ ಲೋಟಕ್ಕೆ ಚಾಚಿದ್ದ ಸ್ಟೋರಣ್ಣನ ಕೈ ಹಾಗೇ ನಿಂತಿತು. ಕ್ಷಣಮಾತ್ರ. ಆಮೇಲೆ ಲೋಟ ಎತ್ತಿಕೊಂಡ. ಆದರೆ ದುರ್ಬೀನಮ್ಮ ನೋಡಿಬಿಟ್ಟಿದ್ದಳು.

"ಕಪ್ಪು ಕನ್ನಡಿ ಇತ್ತಲ್ವಾ ಅದಕ್ಕೆ?"

"ಇತ್ತು," ಎಂದ ಸ್ಟೋರಣ್ಣ, ಲೋಟದೊಳಗೆ ನೋಡುತ್ತ. "ಹೊಸ ಹಿಟ್ಟು ಕಲಸೋ ಮುಂಚೆ ಹಳೇ ಹಿಟ್ಟು ಖಾಲಿ ಮಾಡ್ತಾರಲ್ಲ, ಹಾಗೆ. ಮೊಟ್ಟೆಯ ಕನ್ನಡಿ ಕಾರ್ಖಾನೇಲಿ ಮಿಕ್ಕಿತ್ತು. ಕೂರೋ ಜಾಗ, ಬೋಲ್ಟು, ಎಲ್ಲ ಒಂದೇ ಅಳತೆ. ಹೊಸ ಮಾಡೆಲಿನ ಮೊದಲ ಕೆಲವು ಗಾಡಿಗೆ ಅದನ್ನೇ ಹಾಕಿ ಕಳಿಸಿದ್ರು. ಅದರ ಬಗ್ಗೆ ಸುತ್ತೋಲೆ ಬಂದಿತ್ತು."

"ಸುತ್ತೋಲೆನಾ? ನಮಗ್ಯಾರೂ ಕೊಡಲಿಲ್ವಲ್ಲ?"

ಸ್ಟೋರಣ್ಣ ಎದ್ದು ಒಳಕೋಣೆಗೆ ಹೋದ. ಎರಡು ವರ್ಷದ ಹಿಂದೆ ಶೋರೂಮು ಬೇರೆಯವರ ಕೈಗೆ ಹೋದಾಗ ಹಳೆಯ ಕಾಗದವನ್ನೆಲ್ಲ ತೂಕಕ್ಕೆ ಹಾಕಿದ್ದರು. ಹೊಟ್ಟೆ ಉರಿದುಕೊಂಡು ಅವನು ತನ್ನ ಕೈಬರಹದ ಎರಡು ಪುಸ್ತಕಗಳನ್ನು ಮಾತ್ರ ಮನೆಗೆ ತಂದಿದ್ದ. ಒಂದು, ಟಪಾಲು ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳುವ ಪುಸ್ತಕ. ಅದನ್ನು ತಂದು ಅವಳ ಮುಂದೆ ತೆರೆದಿಟ್ಟ.

'ಸುತ್ತೋಲೆ, ಕನ್ನಡಿ ಕುರಿತು. ವಿಮಾ ಕಂಪನಿಗೆ ಒಂದು ಪ್ರತಿ.' ಅದರೆದುರು, ಬಾಲ ಎಳೆದ, ದೊಡ್ಡ, ಠೀವಿಯ ಸಹಿ. ಅವಳದೇ.

ದುರ್ಬೀನಮ್ಮನಿಗೆ ಆ ದಿನ ನೆನಪಾಗಲಿಲ್ಲ. ನೆನಪಾಗುವಂಥದ್ದೇನೂ ಅದರಲ್ಲಿ ಇರಲಿಲ್ಲ. ಅಂಥ ಕಾಗದ ವಾರಕ್ಕೆ ಹತ್ತು ಬರುತ್ತಿದ್ದವು. ಬೇರೆ ಗಾಡಿಗಳದ್ದಾದರೆ ಓದುತ್ತಿದ್ದಳು. ಈ ಗಾಡಿಯದಾದರೆ ಸಹಿ ಹಾಕಿ ಪಕ್ಕಕ್ಕೆ ಸರಿಸುತ್ತಿದ್ದಳು, 'ಇದರ ಬಗ್ಗೆ ನನಗ್ಯಾರು ಪಾಠ ಹೇಳಬೇಕು' ಎಂದು. ತಿಳಿಯದವಳು ಯಾರನ್ನಾದರೂ ಕೇಳುತ್ತಿದ್ದಳು. ಎಲ್ಲ ತಿಳಿದವಳು ಒಬ್ಬ ಮನುಷ್ಯನನ್ನು ಜೈಲಿಗೆ ಅಟ್ಟಿದಳು. ಅವಳಿಗೆ ಕೆಟ್ಟ ನಾಚಿಕೆಯಾಯಿತು, ಕಿವಿಯವರೆಗೆ ಬಿಸಿಯೇರುವ ನಾಚಿಕೆ.

"ಸರಿ," ಎಂದಳು ಕೊನೆಗೆ. "ನಾನು ಓದಲಿಲ್ಲ. ತಪ್ಪು ನನ್ನದು, ಸೋಮವಾರ ಜಡ್ಜರ ಮುಂದೆ ಹಾಗೇ ಹೇಳ್ತೀನಿ. ಆದ್ರೆ ಅಣ್ಣ, ನೀವು ಓದಿದ್ರಲ್ಲ? ಪೇಪರಿನಲ್ಲಿ ನನ್ನ ಸಾಕ್ಷಿ ಬಂದಾಗ ಒಂದು ಮಾತು ಯಾಕೆ ಹೇಳಲಿಲ್ಲ?"

"ನನ್ನನ್ನ ಯಾರೂ ಕೇಳಲಿಲ್ಲ ತಂಗಿ."

"ಈಗ ಕೇಳ್ತಿದೀನಿ. ಅಂಥ ಗಾಡಿ ನಮ್ಮೂರಿಗೆ ಎಷ್ಟು ಬಂತು?"

"ಎರಡು." ಉತ್ತರ ತಟ್ಟನೆ ಬಂತು. "ಒಂದು ನೆರೇಲಿ ಹೋಯ್ತು. ಇನ್ನೊಂದು ಹಲ್ಲಿನ ಡಾಕ್ಟರದು. ಅಪಘಾತದ ಹಿಂದಿನ ವರ್ಷವೇ ಅವರು ಊರು ಬಿಟ್ಟು ಹೋದರು, ಗಾಡೀನೂ ಜೊತೇಲೇ ಹೋಯ್ತು. ಅಷ್ಟೇ."

"ಇನ್ನೊಂದು ಪುಸ್ತಕ ಕೊಡಿ."

"ಯಾವ ಪುಸ್ತಕ?"

"ದಾಸ್ತಾನು ಪುಸ್ತಕ ಅಣ್ಣ. ಎರಡು ತಂದಿದೀರಿ, ಒಂದು ತೋರಿಸಿದ್ರಿ. ಅಡುಗೆಮನೆ ಉಪ್ಪಿಗೆ ನಂಬರ್ ಹಾಕೋ ಮನುಷ್ಯ ದಾಸ್ತಾನು ಪುಸ್ತಕ ತೂಕಕ್ಕೆ ಹಾಕ್ತಾನಾ?"

ಒಳಗಿನಿಂದ ಹೆಂಡತಿಯ ಕೆಮ್ಮು ಕೇಳಿಸಿತು. ಸ್ಟೋರಣ್ಣ ಆ ಕಡೆ ನೋಡಿ, ಈ ಕಡೆ ನೋಡಿ, ಕೊನೆಗೆ ತಾನು ಕೂತಿದ್ದ ದಿಂಬಿನ ಕೆಳಗಿನಿಂದಲೇ ಪುಸ್ತಕ ತೆಗೆದ. ಬಿಟ್ಟುಕೊಡಲು ಮನಸ್ಸಿಲ್ಲದೆ ಒಂದು ತುದಿಯನ್ನು ಹಿಡಿದೇ ಇದ್ದ. ದುರ್ಬೀನಮ್ಮ ಮೆಲ್ಲಗೆ ಎಳೆದುಕೊಂಡಳು.

ಹಾಳೆ ತಿರುವುವುದಕ್ಕೆ ಹೊತ್ತು ಹಿಡಿಯಲಿಲ್ಲ. ಅವನ ಪುಸ್ತಕದಲ್ಲಿ ಏನನ್ನಾದರೂ ಹುಡುಕುವುದು ದೇವರ ಮನೆಯಲ್ಲಿ ದೀಪ ಹುಡುಕಿದಷ್ಟು ಸುಲಭ. 'ಕಪ್ಪು ಕನ್ನಡಿ, ಹೊಸ ಮಾಡೆಲಿನ ಮೊದಲ ಲಾಟಿಗೆ. ತರಿಸಿದ್ದು: ಮೂರು ಜೊತೆ.'

"ಮೂರು ಜೊತೆ," ಎಂದಳು.

"ಒಂದು ಜೊತೆ ಹೆಚ್ಚಿಗೆ ಇರಲಿ ಅಂತ..."

"ಅಣ್ಣ, ಮೂವತ್ತು ವರ್ಷದಿಂದ ನಿಮ್ಮನ್ನ ನೋಡಿದೀನಿ. ಬಂದ ಒಂದು ಗಾಡಿಗೆ ಒಂದು ಬದಲಿ ಜೊತೆ ಅಂತ ನಿಯಮ ಇದ್ರೆ, ನೀವು ಅರ್ಧ ನಟ್ಟು ಹೆಚ್ಚಿಗೆ ತರಿಸೋರಲ್ಲ. ಮ್ಯಾನೇಜರ್ ಕಾಲಿಗೆ ಬಿದ್ರೂ ತರಿಸೋರಲ್ಲ. ಮೂರು ಜೊತೆ ಬಂದಿದೆ ಅಂದ್ರೆ ಮೂರು ಗಾಡಿ ಬಂದಿದೆ."

ಸ್ಟೋರಣ್ಣ ಗೋಡೆ ನೋಡಿದ. ಗೋಡೆಯ ಮೇಲಿನ ಗಡಿಯಾರ ನಾಲ್ಕೂಕಾಲು ತೋರಿಸುತ್ತಿತ್ತು.

"ಹೇಳಿಬಿಡ್ರೀ," ಎಂಬ ದನಿ ಬಾಗಿಲಿನಿಂದ ಬಂತು. ಹೆಂಡತಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಿಂತಿದ್ದಳು. "ಮೂರು ವರ್ಷದಿಂದ ಮಗ್ಗುಲು ಬದಲಾಯಿಸಿ ಬದಲಾಯಿಸಿ ಹಾಸಿಗೆ ಸವೆಸಿದೀರಿ. ಆ ಮೇಷ್ಟ್ರು ನಮ್ಮ ಮಗಳಿಗೂ ಡ್ರೈವಿಂಗ್ ಕಲಿಸಿದವರು. ಹೇಳದೇ ಇದ್ರೆ ನಾನೇ ಹೇಳ್ತೀನಿ."

"ಲೇ, ನಿನಗೇನು ಗೊತ್ತು! ಇದು ಉಪ್ಪು ತಿಂದ ಮನೆಯ ಮಾತು."

"ಯಾರ ಉಪ್ಪು?" ಎಂದಳು ದುರ್ಬೀನಮ್ಮ.

ಸ್ಟೋರಣ್ಣ ತಲೆ ಎತ್ತದೆ ಹೇಳಿದ:

"ಮನೆ ಮಾಲೀಕ ನಮ್ಮನ್ನ ಇಲ್ಲಿಂದ ಎಬ್ಬಿಸೋಕೆ ಕೇಸು ಹಾಕಿದ್ದ ತಂಗಿ. ಸಾಮಾನು ಬೀದಿಗೆ ಬೀಳೋದರಲ್ಲಿತ್ತು. ಆ ಮೂರನೇ ಗಾಡಿಯವರೇ ಈ ಸೂರು ಉಳಿಸಿಕೊಟ್ಟವರು. ಒಂದು ವರ್ಷ ನಮ್ಮ ಪರವಾಗಿ ಕೋರ್ಟಿನಲ್ಲಿ ನಿಂತು ವಾದ ಮಾಡಿದ್ರು. ಅಪಘಾತ ಆದ ಮಾರನೇ ದಿನ ಗೋದಾಮಿಗೆ ಬಂದು, ಎಡಗಡೆ ಕನ್ನಡಿ ಒಂದು ಕೊಡಿ ಅಂದ್ರು. ಹುಡುಗರ ಕೈಲಿ ಹಾಕಿಸ್ಲಾ ಅಂದೆ. ಬೇಡ, ನಾನೇ ಹಾಕ್ಕೋತೀನಿ ಅಂದ್ರು. ಜನ್ಮದಲ್ಲಿ ಒಂದು ಸ್ಕ್ರೂ ತಿರುಗಿಸಿದವರಲ್ಲ. ಆಗಲೇ ನನಗೆ ಅನುಮಾನ ಬಂತು. ಆದ್ರೆ ಬಾಯಿ ಬರಲಿಲ್ಲ. ಆಮೇಲೆ ನೋಡಿದ್ರೆ, ಮೇಷ್ಟ್ರ ಕೇಸನ್ನ ಅವರೇ ಹಿಡಿದುಕೊಂಡಿದ್ರು. ಬಿಡಿಸಿಯೇ ಬಿಡ್ತಾರೇನೋ, ಪಾಪ ಅಲ್ಲೇ ತೊಳೆದುಹೋಗುತ್ತೇನೋ ಅಂತ ಕಾದೆ."

ದುರ್ಬೀನಮ್ಮ ಮುಂದಿನ ಹಾಳೆ ತಿರುವಿದಳು. 'ಕಪ್ಪು ಕನ್ನಡಿ, ಎಡ, ಒಂದು.' ತಾರೀಕು ಅಪಘಾತದ ಮಾರನೆಯ ದಿನದ್ದು. ಪಡೆದವರ ಸಹಿ ಸಣ್ಣಕ್ಷರದ, ನೀಟಾದ ಸಹಿ. ಮೇಲ್ಮನವಿಯ ಪ್ರತಿ ಹಾಳೆಯ ಕೆಳಗೂ ಎರಡು ತಿಂಗಳಿಂದ ಅವಳು ನೋಡುತ್ತ ಬಂದಿದ್ದ ಸಹಿ.

ಮೇಷ್ಟ್ರ ವಕೀಲರದು.

ಕೋರ್ಟಿನಲ್ಲಿ ಅವಳು ಸಾಕ್ಷಿ ಹೇಳಿ ಮುಗಿಸಿದಾಗ, ಮೇಷ್ಟ್ರ ಪರವಾಗಿ ಎದ್ದು ನಿಂತು ಅವಳನ್ನು ನೂರು ಪ್ರಶ್ನೆ ಕೇಳಬೇಕಾಗಿದ್ದ ಮನುಷ್ಯ "ಪ್ರಶ್ನೆಯಿಲ್ಲ" ಎಂದು ಕೂತಿದ್ದ. ತನ್ನ ಜ್ಞಾನಕ್ಕೆ ಮಣಿದ ಎಂದು ಅವಳು ಬೀಗಿದ್ದಳು. ಗೇಟಿಗೆ ಕನ್ನಡಿ ಉಜ್ಜಿದ ಹುಡುಗನನ್ನು ಊರೆಲ್ಲ ಹುಡುಕಿದೆ, ಸಿಗಲಿಲ್ಲ ಎಂದವನೂ ಅವನೇ. ಹುಡುಕಿದ್ದರೆ ತಾನೇ ಸಿಗುವುದು!

ಆಗ ಅವಳಿಗೆ ಟವೆಲಿನ ಗಂಟು ನೆನಪಾಯಿತು.

* * *

ಮೂರನೆಯ ಸಲಕ್ಕೆ ಫೋನು ಹತ್ತಿತು. ದುರ್ಬೀನಮ್ಮ ಸ್ಪೀಕರ್ ಒತ್ತಿದಳು.

"ಎಲ್ಲಿದೀಯಮ್ಮ?"

"ವಕೀಲರ ಆಫೀಸಲ್ಲೇ ಮೇ‌ಡಂ, ಹೊರಗಡೆ ಬೆಂಚಿನ ಮೇಲೆ." ಹುಡುಗಿಯ ದನಿಯಲ್ಲಿ ಉತ್ಸಾಹ ಉಕ್ಕುತ್ತಿತ್ತು. "ಗೀಟಿನ ವಿಷಯ ಎಲ್ಲ ಹೇಳಿದೆ. ಎರಡು ಸಲ ಕೇಳಿ ತಿಳ್ಕೊಂಡ್ರು. ಬೋಲ್ಟ್ ತಿರುಗಿಸಿದ್ರೆ ಸಾಕ್ಷ್ಯ ಹಾಳಾಗುತ್ತೆ ಅನ್ನೋದನ್ನೂ ಹೇಳಿದೆ. ಫೋಟೋ ತೆಗೀಬೇಕು, ಸ್ವಲ್ಪ ಹೊರಗೆ ಕೂತಿರು ಅಂದ್ರು. ಈಗಷ್ಟೇ ಗುಮಾಸ್ತರು ಪಕ್ಕದ ಗ್ಯಾರೇಜಿಂದ ಏನೋ ತಂದುಕೊಟ್ರು."

"ಏನು ತಂದ್ರು?"

"ಸ್ಪ್ಯಾನರ್."

ಹುಡುಗಿಗೆ ಈಗ ಹೇಳಿದರೆ ಅವಳು ಕಿರುಚುತ್ತಾಳೆ. ಕಿರುಚಿದರೆ ಒಳಗಿನ ಕೈ ತಿರುಗಿಬಿಡುತ್ತದೆ.

"ಬಾಗಿಲು ತಟ್ಟಿ ನಿನ್ನ ಫೋನು ಅವರ ಕೈಗೆ ಕೊಡು. ಮೇಡಂ ಮಾತಾಡಬೇಕಂತೆ, ಅರ್ಜೆಂಟಂತೆ ಅನ್ನು. ಮತ್ತೇನೂ ಹೇಳಬೇಡ."

ಬಾಗಿಲು ತಟ್ಟಿದ ಸದ್ದು, ಚಿಲಕ ತೆಗೆದ ಸದ್ದು, ಬಾಗಿಲು ಮತ್ತೆ ಮುಚ್ಚಿದ ಸದ್ದು ಒಂದರ ಹಿಂದೊಂದು ಕೇಳಿಸಿದವು.

"ನಮಸ್ಕಾರ ಅಮ್ಮ," ಎಂದರು ವಕೀಲರು, ಎಂದಿನ ಮೃದು ದನಿಯಲ್ಲಿ. "ಬಹಳ ಒಳ್ಳೆ ಸಾಕ್ಷ್ಯ ಹುಡುಕಿದೀರಿ."

"ಸ್ಟೋರಣ್ಣನ ಮನೇಲಿ ಕೂತಿದೀನಿ ವಕೀಲರೇ. ಅವತ್ತು ಎಡಗನ್ನಡಿ ನೀವೇ ಹಾಕ್ಕೊಂಡ್ರಂತೆ. ಸರಿಯಾಗಿ ಕೂತಿತಾ?"

ಆ ಕಡೆ ಮೇಜಿನ ಮೇಲೆ ಕಬ್ಬಿಣ ಇಟ್ಟ ಸಣ್ಣ ಸದ್ದಾಯಿತು.

"ಮಂಜಿತ್ತು," ಎಂದರು ವಕೀಲರು. "ಆ ಮನುಷ್ಯ ನನಗೆ ಕಾಣಲೇ ಇಲ್ಲ. ನಿಲ್ಲಿಸಬೇಕಾಗಿತ್ತು. ಕಾಲು ಬ್ರೇಕಿನ ಮೇಲೆ ಬರಲಿಲ್ಲ."

"ಅದು ಒಂದು ನಿಮಿಷದ ಮಾತು. ಮೂರು ವರ್ಷದ ಮಾತು ಹೇಳಿ."

"ಹೆದರಿದೆ. ಬೇರೆ ಹೆಸರಿಲ್ಲ ಅದಕ್ಕೆ. ಬೋಲ್ಟ್ ಇನ್ನೂ ಮುಟ್ಟಿಲ್ಲ ಅಮ್ಮ. ಸ್ಪ್ಯಾನರ್ ಹಾಕಿ ಎರಡು ಸಲ ತೆಗೆದೆ. ಮೇಷ್ಟ್ರು ಒಳಗಿರೋದು ನನಗೂ ಬೇಕಾಗಿಲ್ಲ. ಕಪ್ಪು ಕನ್ನಡಿ ಬರೀ ಮೊಟ್ಟೆಯದಲ್ಲ ಅಂತ ತೋರಿಸಿದ್ರೆ ಸಾಕು, ಸೋಮವಾರ ಅವರು ಮನೇಲಿರ್ತಾರೆ. ಮೂರನೇ ಗಾಡಿಯ ಹೆಸರು ಅದಕ್ಕೆ ಬೇಕಾಗಿಲ್ಲ. ಆ ಗಾಡಿ ಮಾರಿ ಬಹಳ ದಿನ ಆಯ್ತು. ಅದರ ಕನ್ನಡಿ ಕಪ್ಪಿತ್ತು ಅನ್ನೋದು ಭೂಮಿ ಮೇಲೆ ಒಂದೇ ಒಂದು ಪುಸ್ತಕದಲ್ಲಿದೆ."

ದುರ್ಬೀನಮ್ಮ ಮಡಿಲಲ್ಲಿದ್ದ ಪುಸ್ತಕ ನೋಡಿದಳು.

"ಆ ಹಾಳೆ ಹರೀರಿ," ಎಂದರು ವಕೀಲರು. "ಫೋನಿನ ಹತ್ರ ಹಿಡಿದು ಹರೀರಿ, ನನಗೆ ಕೇಳಿಸಲಿ. ಈ ಕ್ಷಣವೇ ಹೊರಟು ಐದರೊಳಗೆ ಸಾಕ್ಷ್ಯ ಸಲ್ಲಿಸ್ತೀನಿ. ಇಲ್ಲ ಅಂದ್ರೆ, ನನ್ನ ಕೈಯ ಮೇಲೆ ನನಗೇ ನಂಬಿಕೆ ಇಲ್ಲ. ಗಂಟೆ ನಾಲ್ಕೂವರೆ."

ಅಂಚೆಯಣ್ಣನಿಗೂ ಮನೆಯಿತ್ತು. ಹೆಂಡತಿಯಿದ್ದಳು. ಕೊಂದವರು ಯಾರೆಂದು ತಿಳಿಯುವ ಹಕ್ಕು ಅವಳಿಗಿತ್ತು. ಇತ್ತ ಮೇಷ್ಟ್ರಿಗೆ ಎದೆನೋವು, ಇನ್ನೂ ನಾಲ್ಕು ವರ್ಷ ಬಾಕಿ. ದುರ್ಬೀನಮ್ಮ ಜೀವಮಾನವಿಡೀ ಸುಳ್ಳು ವರದಿಗೆ ಸಹಿ ಹಾಕಿದವಳಲ್ಲ. ಓದದೆ ಹಾಕಿದ ಸಹಿ ಮಾತ್ರ ಪಕ್ಕದ ಪುಸ್ತಕದಲ್ಲಿ ಬಿದ್ದಿತ್ತು.

ಸ್ಟೋರಣ್ಣ ಕೈ ಮುಗಿದುಕೊಂಡು ನಿಂತಿದ್ದ. ಅವನ ಹೆಂಡತಿ ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದಳು.

ದುರ್ಬೀನಮ್ಮ ಫೋನನ್ನು ಪುಸ್ತಕದ ಪಕ್ಕದಲ್ಲಿಟ್ಟಳು. ಹಾಳೆಯ ತುದಿ ಹಿಡಿದಳು. ಹರಿದಳು.

ಹಳೆಯ ದಪ್ಪ ಕಾಗದ, ಮೇಲಿಂದ ಕೆಳಗಿನವರೆಗೂ ಸದ್ದು ಮಾಡಿಕೊಂಡೇ ಹರಿಯಿತು. ವಕೀಲರ ಸಹಿಯಿದ್ದ ಹಾಳೆ, ಒಂದಕ್ಷರವೂ ಕೆಡದೆ, ಇಡಿಯಾಗಿ ಅವಳ ಕೈಗೆ ಬಂತು.

"ದೊಡ್ಡ ಉಪಕಾರ ಅಮ್ಮ," ಎಂದರು ವಕೀಲರು, ಒಡೆದ ದನಿಯಲ್ಲಿ. "ಒಳ್ಳೆ ಸುದ್ದಿ ನೀವೇ ಹೇಳಿ ಅವಳಿಗೆ." ಬಾಗಿಲು ತೆರೆದ ಸದ್ದಾಯಿತು.

"ಹಲೋ? ಏನಂದ್ರು? ವಕೀಲರು ನಗ್ತಿದಾರೆ, ಕಣ್ಣಲ್ಲಿ ನೀರೂ ಬಂದಿದೆ!" ಎರಡು ತಿಂಗಳಲ್ಲಿ ಮೊದಲ ಸಲ ಹುಡುಗಿ 'ಮೇಡಂ' ಎನ್ನುವುದನ್ನು ಮರೆತಳು. "ಅಮ್ಮಾ, ಅಪ್ಪ ಬರ್ತಾರೆ ಅಲ್ವಾ? ಹಾಗಾದ್ರೆ ಅವತ್ತು ಅಂಚೆಯಣ್ಣನ್ನ ಗುದ್ದಿದ್ದು ಯಾರು ಅಂತಾನೂ ಗೊತ್ತಾಯ್ತಾ?"